ದೊರೆಯ ಸ್ನೇಹಿತನ ಮಧ್ಯಾಹ್ನದ ಊಟ

ಪುಸ್ತಕದ ಅಂಚಿನಲ್ಲಿ ಬರೆಯುವವರ ಕೈ ಮುರಿಯಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಮೈಸೂರಿನ ಒಂದು ಸಂದಿಯಲ್ಲಿ ಪುಸ್ತಕ ಬೈಂಡ್ ಮಾಡುವ ಅಂಗಡಿ ಇಟ್ಟುಕೊಂಡಿದ್ದವರು ಅವರು. ಓದಿದ್ದು ನಾಲ್ಕನೇ ಕ್ಲಾಸು. ಹೊಲಿದದ್ದು ಮಾತ್ರ ಎಷ್ಟೋ ಕಾಲೇಜುಗಳ ಲೈಬ್ರರಿಗಳನ್ನು. ಅಂಥವರ ಮಗಳಾದ ನಾನು ನಿನ್ನೆ ಒಂದು ಅಂಚಿನ ಬರಹ ನೋಡಿದೆ. ಪೆನ್ಸಿಲಿನಲ್ಲಿ ಬರೆದ ಒಂದೇ ಒಂದು ಸಾಲು. ಬರೆದವರ ಕೈ ಹಾಗಿರಲಿ, ಓದಿದ ನಾನೇ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಜರ್ಮನಿಯ ಬೊಬ್ಲಿಂಗೆನ್ನಿನ ಈ ಮನೆ ಬಿಟ್ಟು ಎರಡು ಬೀದಿ ಆಚೆಯ ಚಿಕ್ಕ ಮನೆಗೆ ಹೋಗುತ್ತಿದ್ದೇವೆ. ಮಗಳು ನೆಲಮಾಳಿಗೆ ಖಾಲಿ ಮಾಡುವ ಜವಾಬ್ದಾರಿ ಹೊತ್ತಿದ್ದಾಳೆ. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ, ಇಬ್ಬರೂ ಒಪ್ಪುವುದಿಲ್ಲ. ರಟ್ಟಿಲ್ಲದ ಒಂದು ಹಳೆಯ ಪುಸ್ತಕವನ್ನು ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಳು. "ಮಾಮಾ, ಆಲ್ಟ್‌ಪಪಿಯರ್?" ಎಂದಳು. ಇಲ್ಲಿ ಮಾಮಾ ಎಂದರೆ ಅಮ್ಮ; ರದ್ದಿ ಕಾಗದದ ಡಬ್ಬಕ್ಕೆ ಹಾಕಲೇ ಎಂದು ಕೇಳಿದ್ದು. ನಾನು ಹೌಹಾರಿ ಕಿತ್ತುಕೊಂಡೆ. ಅದು ನಮ್ಮ ದೊರೆ!

ದೊರೆ ಯಾರು ಎಂದು ಕೇಳುತ್ತೀರಿ. ನನಗೂ ಗೊತ್ತಿಲ್ಲ. ಬಂದ ಹೊಸದರಲ್ಲಿ ಇಲ್ಲಿನ ಶನಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಕುಕ್ಕರಿಗೆ ವಾಷರ್ ಹುಡುಕುತ್ತಾ ಹೋದವಳಿಗೆ ಈ ಪುಸ್ತಕ ಸಿಕ್ಕಿತು. ರಟ್ಟು, ಹೆಸರಿನ ಪುಟ, ಮೊದಲಿನ ನಾಲ್ಕು ಹಾಳೆ ಇಲ್ಲ. ದಾರ ಬಿಟ್ಟುಕೊಂಡ ಪುಸ್ತಕ ನೋಡಿದರೆ ನನಗೆ ಈಗಲೂ ಅಪ್ಪನ ಅಂಗಡಿಯ ಮೈದಾ ಅಂಟಿನ ವಾಸನೆ ಬರುತ್ತದೆ. ಆ ಅಂಟಿಗೆ ಹುಳ ಹಿಡಿಯಬಾರದೆಂದು ಮೈಲುತುತ್ತ ಬೆರೆಸುತ್ತಿದ್ದರು. ಐದು ವರ್ಷದವಳಿದ್ದಾಗ ನೀಲಿ ಪಾಯಸ ಎಂದುಕೊಂಡು ನಾನು ಅದನ್ನು ನೆಕ್ಕಿ, ಅಮ್ಮ ನನ್ನ ಗಂಟಲಿಗೆ ಬೆರಳು ಹಾಕಿ ಕಕ್ಕಿಸಿ, ಆಮೇಲೆ ಬೆನ್ನಿಗೆ ನಾಲ್ಕು ಬಿಟ್ಟು, ಆಮೇಲೆ ತಾನೇ ಅತ್ತಿದ್ದಳು. ಇರಲಿ, ದೊರೆಯ ವಿಷಯಕ್ಕೆ ಬರೋಣ.

ಅವನು ಯಾರೋ ಒಬ್ಬ ಇಂಗ್ಲಿಷಿನವನು. ನೂರೈವತ್ತು ವರ್ಷದ ಹಿಂದೆ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಆರೇ ವಾರದಲ್ಲಿ ಯುರೋಪೆಲ್ಲಾ ಸುತ್ತಿ ಬರೆದ ಪ್ರವಾಸಕಥೆ ಇದು. ಸ್ನೇಹಿತರಲ್ಲಿ ಒಬ್ಬ ಪಾದ್ರಿ. ಇನ್ನೊಬ್ಬನನ್ನು ದೊರೆ ಬರೀ 'ಎಚ್' ಎಂದು ಕರೆಯುತ್ತಾನೆ. ದೊರೆಗೆ ಕಂಡದ್ದೆಲ್ಲ ಆಘಾತ. ಜರ್ಮನಿಯಲ್ಲಿ ಹಾಸಿಕೊಳ್ಳಲು ಒಂದು ಹಾಸಿಗೆ, ಹೊದ್ದುಕೊಳ್ಳಲೂ ಇನ್ನೊಂದು ಹಾಸಿಗೆ ಎಂದು ಆಘಾತ. ಭಾನುವಾರ ಜನ ಕುಣಿಯುತ್ತಾರೆ ಎಂದು ಆಘಾತ. ಸೂಪಿನಲ್ಲಿ ತೇಲುತ್ತಿದ್ದ ಏನನ್ನೋ ಕಂಡು ಒಂದು ಪುಟ ಆಘಾತ. ತನ್ನ ಚಹಾ, ತನ್ನ ಸೋಪು, ತನ್ನ ಕೆಟಲ್ಲು ಎಲ್ಲವನ್ನೂ ಲಂಡನ್ನಿನಿಂದಲೇ ಹೊತ್ತು ತಂದಿದ್ದ.

ನಾನು ನಕ್ಕಿದ್ದೇ ನಕ್ಕಿದ್ದು. ನಗುವುದಕ್ಕೆ ನನಗೇನು ಯೋಗ್ಯತೆ ಇತ್ತೋ! ಎರಡು ಕೇಜಿ ಹುಣಸೆಹಣ್ಣು, ಒರಳುಕಲ್ಲಿನ ಮರಿ ಮತ್ತು ಹಾಕಿನ್ಸ್ ಅಲ್ಲದ ಯಾವುದೋ ಕುಕ್ಕರು ಹೊತ್ತು ಬಂದಿದ್ದವಳು ನಾನು. ಮೊದಲ ವಾರವೇ ಮನೆ ಬಾಗಿಲಿಗೆ ಯಾರೋ ಒಂದು ಹಲಗೆ ನೇತುಹಾಕಿ ಹೋಗಿದ್ದರು. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನನ್ನದಂತೆ! ಎಂಜಿನಿಯರಮ್ಮನ ಕೈಗೆ ಪೊರಕೆ ಎಂದು ನಾನೂ ದೊರೆಯ ಹಾಗೇ ಮುಕ್ಕಾಲು ಗಂಟೆ ಆಘಾತಪಟ್ಟೆ.

ಗ್ರೀನ್ ಕಾರ್ಡಿನ ವರ್ಷಗಳು ಅವು. ಅಮೆರಿಕದ್ದಲ್ಲ, ಜರ್ಮನಿಯದ್ದು. ಕಂಪ್ಯೂಟರಿನವರು ಬೇಕು ಬನ್ನಿ ಎಂದು ಕರೆದು ಕೊಟ್ಟದ್ದು. ಹೆಸರು ಗ್ರೀನ್ ಕಾರ್ಡ್. ಪಾಸ್‌ಪೋರ್ಟಿನಲ್ಲಿ ನಮಗೆ ಸಿಕ್ಕಿದ್ದು ಒಂದು ಪುಟಕ್ಕೆ ಅಂಟಿಸಿದ ಸ್ಟಿಕ್ಕರು, ಅದರ ಮೇಲೊಂದು ನೀಲಿ ಸೀಲು. ನಮ್ಮ ಉಸಿರೆಲ್ಲ ಆ ಸ್ಟಿಕ್ಕರಿನಲ್ಲಿತ್ತು. ಆಫೀಸಿನಲ್ಲಿ ನಾವು ಮೂವರು ಕನ್ನಡದವರು: ನಾನು, ಬೆಂಗಳೂರಿನ ಮಂಜು, ಉಡುಪಿಯ ಸದಾನಂದ, ನಮ್ಮ ಬಾಯಲ್ಲಿ ಸದಾ. ಸದಾನಿಗೆ ಮಾತ್ರ ಮದುವೆಯಾಗಿತ್ತು. ಹೆಂಡತಿ ಸಂಧ್ಯಾ, ಎಂಟು ತಿಂಗಳ ಮಗಳು ಉಡುಪಿಯಲ್ಲಿ. ಮಗುವನ್ನು ಹುಟ್ಟಿದಾಗ ಹತ್ತು ದಿನ ನೋಡಿದ್ದಷ್ಟೇ. ಅವರಿಬ್ಬರ ವೀಸಾ ಅರ್ಜಿ ಹೋಗಿತ್ತು, ಅವನ ಸ್ಟಿಕ್ಕರಿನ ಆಧಾರದ ಮೇಲೆ. ಇನ್ನೊಂದು ತಿಂಗಳಲ್ಲಿ ಬರುತ್ತಾರೆ ಎಂದು ತೊಟ್ಟಿಲು ಬೇರೆ ಕೊಂಡು ಇಟ್ಟಿದ್ದ. ಅದರಲ್ಲಿ ಸದ್ಯಕ್ಕೆ ಇಸ್ತ್ರಿಯಾಗದ ಬಟ್ಟೆ ಮಲಗುತ್ತಿತ್ತು.

ಶನಿವಾರ ಇಬ್ಬರೂ ನನ್ನ ಮನೆಗೆ ಸಾರಿನ ಊಟಕ್ಕೆ ಬರುತ್ತಿದ್ದರು. ಉಂಡ ಮೇಲೆ ನಾನು ದೊರೆಯನ್ನು ಕನ್ನಡಕ್ಕೆ ಮಾಡುತ್ತಾ ಓದಿ ಹೇಳುವುದು. ಹಾಗೆ ಒಂದು ದಿನ ಸ್ವಿಟ್ಜರ್ಲೆಂಡಿನ ಗಡಿಗೆ ಬಂದೆವು. ಅಲ್ಲಿ ದೊರೆ ಬರೆದದ್ದು ಇಷ್ಟು: 'ಎಚ್‌ನ ರಹದಾರಿಯಲ್ಲಿ ಒಂದು ರುಜು ಇಲ್ಲದ್ದರಿಂದ ಅವನನ್ನು ಗಡಿಯಲ್ಲಿ ಬಿಡಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ತಲುಪಿದ ರೈನ್ ನದಿಯ ಜಲಪಾತ ನಾವೆಣಿಸಿದ್ದಕ್ಕಿಂತ ಸೊಗಸಾಗಿತ್ತು.'

ನಾನು ಓದುವುದನ್ನು ನಿಲ್ಲಿಸಿದೆ. ಮಂಜು ಎದ್ದು ಕೂತ.

"ಥೂ ಇವ್ನ! ಫ್ರೆಂಡಾ ಗುರು ಇವ್ನು? ಬಿಟ್ಟು ಹೋಗೇಬಿಟ್ನಾ?"

"ಬಿಟ್ಟು ಹೋಗಿ ಜಲಪಾತ ನೋಡಿದಾನೆ ನೋಡು! ನಾಚಿಕೆ ಬೇಡ್ವಾ?" ಎಂದು ನಾನು ಶುರು ಮಾಡಿದೆ. ಇವರ ಜಾತಿಯೇ ಇಷ್ಟು, ಇವರಿಗೆ ಸ್ನೇಹ ಎಂದರೆ ಟೈಂಟೇಬಲ್ಲು, ನಮ್ಮ ಕಡೆಯವರಾಗಿದ್ದರೆ ಜೊತೆಯವನನ್ನು ಹೀಗೆ ನಡುದಾರಿಯಲ್ಲಿ ಬಿಡುತ್ತಿದ್ದರಾ ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಆ ಭಾಷಣ ನೆನೆದರೆ ಈಗ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಸದಾ ಮಾತ್ರ, "ಆ ಎಚ್ ಆಮೇಲೆ ಎಂತ ಆದ?" ಎಂದು ಕೇಳಿದ.

ಕೊನೆಯವರೆಗೂ ತಿರುವಿ ನೋಡಿದೆ. ಎಚ್ ಮತ್ತೆ ಎಲ್ಲೂ ಬರಲೇ ಇಲ್ಲ.

ಆವತ್ತೇ ಮಂಜುವಿನ ತಲೆಗೆ ಹುಳ ಹೊಕ್ಕಿತು. ದೊರೆ ಆರು ವಾರ ತೆಗೆದುಕೊಂಡದ್ದನ್ನು ನಾವು ನಾಲ್ಕು ದಿನದಲ್ಲಿ ಮುಗಿಸಬೇಕು. ನವೆಂಬರ್ ಮೊದಲ ದಿನ ಇಲ್ಲಿ ಸತ್ತವರನ್ನು, ಸಂತರನ್ನು ನೆನೆಯುವ ಹಬ್ಬ, ಸರ್ಕಾರಿ ರಜ. ಆ ವರ್ಷ ಅದು ಗುರುವಾರ ಬಿದ್ದಿತ್ತು. ಶುಕ್ರವಾರ ರಜ ಹಾಕಿದರೆ ಜ್ಯೂರಿಕ್, ಮಿಲಾನ್, ಇನ್ಸ್‌ಬ್ರುಕ್, ಮ್ಯೂನಿಕ್. ದಿನಕ್ಕೊಂದು ಊರು, ಊರಿಗೊಂದು ಫೋಟೋ. ಸದಾ ಒಲ್ಲೆ ಎಂದ. "ಅವರು ಬರ್ಲಿ, ಒಟ್ಟಿಗೆ ಹೋಗುವ" ಎಂದ. ಮಂಜು ಬಿಡಬೇಕಲ್ಲ. "ಮಗಾ, ಅವ್ರು ಬಂದ್ಮೇಲೆ ನಿಂಗೆ ಸಿಗೋದು ಡೈಪರ್ರು, ಸ್ವಿಟ್ಜರ್ಲೆಂಡಲ್ಲ" ಎಂದ. ಮೂವರೂ ಸ್ವಿಸ್ ವೀಸಾ ಮಾಡಿಸಿಕೊಂಡೆವು.

ಅದರ ಮಧ್ಯೆ ಬಂತು ಆಯುಧಪೂಜೆ.

ಅಪ್ಪನ ಅಂಗಡಿಯಲ್ಲಿ ಆವತ್ತು ಕಾಗದ ಕತ್ತರಿಸುವ ಕತ್ತಿ, ದಬ್ಬಣ, ಅಂಟಿನ ಬೋಗುಣಿ ಎಲ್ಲಕ್ಕೂ ಅರಿಶಿನ ಕುಂಕುಮ. ಮರುದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಒಂದು ವರ್ಷ ಪಕ್ಕದ ಕ್ಷೌರದಂಗಡಿಯವರೂ ನಮ್ಮ ಸಂದಿಯ ಎಲ್ಲರೂ ಅಷ್ಟು ಕಟ್ಟುನಿಟ್ಟು ಮಾಡಿದ್ದರಿಂದ, ಮದುವೆಗೆ ಹೆಣ್ಣು ನೋಡಲು ಹೊರಟಿದ್ದ ನಮ್ಮ ಚಿಕ್ಕಪ್ಪ ಅರ್ಧ ಗಡ್ಡದಲ್ಲೇ ಹೋಗಬೇಕಾಯಿತು. ಹೆಣ್ಣಿನವರು ಯಾವುದೋ ಹರಕೆ ಎಂದುಕೊಂಡು ಒಪ್ಪಿದರು.

ಬೊಬ್ಲಿಂಗೆನ್ನಿನಲ್ಲಿ ಪೂಜೆ ಮಾಡಲು ಆಯುಧ ಎಲ್ಲಿದೆ? ಕಾರಿಲ್ಲ, ಸ್ಕೂಟರಿಲ್ಲ. ಲ್ಯಾಪ್‌ಟಾಪು ಕಂಪನಿಯದು. "ಅದ್ಕೆ ಕುಂಕುಮ ಹಚ್ಚಿದ್ರೆ ಸಿಸ್ಟಮ್ ಅಡ್ಮಿನ್ ಬೂದುಗುಂಬಳದ ಬದ್ಲು ನನ್ನೇ ಒಡೀತಾನೆ" ಎಂದ ಮಂಜು. ಆಗ ನನಗೆ ಹೊಳೆಯಿತು. ನಮ್ಮ ಅನ್ನದ ಆಯುಧ ಎಂದರೆ ಪಾಸ್‌ಪೋರ್ಟೇ ಅಲ್ಲವೇ! ಕುಕ್ಕರಿನ ಪಕ್ಕ ಮೂರು ಪಾಸ್‌ಪೋರ್ಟು ಜೋಡಿಸಿದೆ. ನಂದು, ಮಂಜುವಿನದು, ಎರಡಕ್ಕೂ ರಟ್ಟಿನ ಮೇಲೆ ಒಂದೊಂದು ಬೊಟ್ಟು. ಸದಾನದಕ್ಕೆ ಬಂದಾಗ ನನ್ನ ಪ್ರೀತಿ ಉಕ್ಕಿತು.

"ಸಂಧ್ಯಾ, ಪಾಪು ಈ ಸ್ಟಿಕ್ಕರಿನ ಮೇಲೇ ತಾನೆ ಬರೋದು? ಇಲ್ಲಿಗೇ ಹಚ್ಚಬೇಕು" ಎಂದು ಪುಟ ಬಿಡಿಸಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳು ತುಂಬಾ ತೆಗೆದು ಸ್ಟಿಕ್ಕರಿನ ನಟ್ಟನಡುವೆ ಇಟ್ಟೆ. ಮೇಲೆ ಅಕ್ಷತೆ, ಒಂದು ಹೂವು. ಮುಚ್ಚಿ ಇಟ್ಟೆ. ಸದಾ ಕಣ್ಣು ಮುಚ್ಚಿ ಕೈ ಮುಗಿದ.

ಮರುದಿನ ವಿಜಯದಶಮಿ. ಸದಾನ ಪಾಸ್‌ಪೋರ್ಟು ತೆರೆದೆ. ಕುಂಕುಮದ ಕೆಂಪು ಪುಟದ ತುಂಬ ಹರಡಿ, ಅವಧಿಯ ತಾರೀಖು ನುಂಗಿಬಿಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದೇ ನಾನು ಮಾಡಿದ ಎರಡನೇ ಬುದ್ಧಿವಂತಿಕೆ. ಕುಂಕುಮ ಹೋಗಲಿಲ್ಲ, ಸೀಲಿನ ನೀಲಿ ಎದ್ದು ಬಂತು. ಸದಾ ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ಮುಖ ಸಣ್ಣದಾಯಿತು.

"ದೇವರ ಪ್ರಸಾದ ಕಣೋ, ಏನೂ ಆಗಲ್ಲ" ಎಂದೆ ನಾನು.

"ಯಾರ್ ನೋಡ್ತಾರೆ ಬಿಡು ಮಗಾ" ಎಂದ ಮಂಜು.

ನೋಡಿದರು. ಗುರುವಾರ ಬೆಳಗ್ಗೆ ಬೊಬ್ಲಿಂಗೆನ್ನಿನಲ್ಲೇ ರೈಲು ಹತ್ತಿದೆವು. ಮೂರು ಸ್ಟೀಲ್ ಡಬ್ಬಿಗಳಲ್ಲಿ ಪುಳಿಯೋಗರೆ ಕಲಸಿ ಬುತ್ತಿ ಕಟ್ಟಿದ್ದೆ. ನನ್ನ ಹತ್ತಿರ ಇದ್ದದ್ದು ಎರಡೇ ಡಬ್ಬಿ. ಮೂರನೆಯದು ಸದಾ ತಂದುಕೊಟ್ಟದ್ದು, ಅವನ ಮದುವೆಯಲ್ಲಿ ಬಂದದ್ದು, ಮುಚ್ಚಳದ ಮೇಲೆ 'ಸಂಧ್ಯಾ' ಎಂದು ಕೆತ್ತಿಸಿತ್ತು. ಡಬ್ಬಿಗಳೆಲ್ಲ ನನ್ನ ಕೈಚೀಲದಲ್ಲಿ. ದಾರಿಯುದ್ದಕ್ಕೂ ಮಂಜು ದೊರೆಯ ಪುಸ್ತಕದಿಂದ ಅಣಕು ಮಾಡುತ್ತಾ ಬಂದ. ಸಿಂಗನ್ ಎಂಬ ಗಡಿಯ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಹಸಿರು ಸಮವಸ್ತ್ರದ ಅಧಿಕಾರಿ ಹತ್ತಿದರು. ವಯಸ್ಸಾದವರು, ಮಾತು ಮೆತ್ತಗೆ. ನನ್ನದು ನೋಡಿ ಕೊಟ್ಟರು, ಮಂಜುವಿನದು ನೋಡಿ ಕೊಟ್ಟರು. ಸದಾನದು ತೆರೆದವರು ಹಾಗೇ ನಿಂತುಬಿಟ್ಟರು. ಅಮೆರಿಕದ ಗೋಪುರಗಳಿಗೆ ವಿಮಾನ ನುಗ್ಗಿ ಎರಡು ತಿಂಗಳೂ ಆಗಿರಲಿಲ್ಲ, ಗಡಿಗಳೆಲ್ಲ ಬಿಗಿಯಾಗಿದ್ದ ಕಾಲ. ಕನ್ನಡಕ ಏರಿಸಿದರು. ಪುಟವನ್ನು ಬೆರಳಿನಿಂದ ಸವರಿ, ಬೆರಳು ನೋಡಿಕೊಂಡರು. ಕೆಂಪು ಹತ್ತಿತ್ತು.

"ಇದನ್ನು ಯಾರು ಮಾಡಿದ್ದು?" ಎಂದು ಕೇಳಿದರು.

ನಾನು ಹೇಳಬೇಕಿತ್ತು. ನನ್ನ ಜರ್ಮನ್ ಅವನದ್ದಕ್ಕಿಂತ ಚೆನ್ನಾಗಿತ್ತು. ಬಾಯಿ ತೆರೆದೆ. ನಾಲಗೆ ಅಂಗುಳಿಗೆ ಅಂಟಿಕೊಂಡಿತು. ನಾನು ಎಂದರೆ ನನ್ನ ಪಾಸ್‌ಪೋರ್ಟನ್ನೂ ಮತ್ತೆ ಕೇಳಿದರೆ? ಇದೇ ನೋಡಿ ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು. ಬರೆಯಲು ನಾಚಿಕೆಯಾಗುತ್ತದೆ.

"ನಾನೇ" ಎಂದ ಸದಾ. "ನಮ್ಮ ಪೂಜೆ. ಅದರಲ್ಲಿ ಆದದ್ದು."

ಅಧಿಕಾರಿ ಬೈಯಲಿಲ್ಲ. ಈ ಪತ್ರ ನಿಜವೋ ಅಲ್ಲವೋ ಎಂದು ಬೊಬ್ಲಿಂಗೆನ್ನಿನ ಕಚೇರಿಗೆ ಕೇಳಬೇಕು, ಇವತ್ತು ರಜ, ಯಾರೂ ಫೋನ್ ಎತ್ತುವುದಿಲ್ಲ ಎಂದರು. ಇದನ್ನು ಹಿಡಿದು ಗಡಿ ದಾಟಿದರೆ ವಾಪಸ್ ಒಳಗೆ ಬರಲು ಆಗದೇ ಹೋಗಬಹುದು, ಇಳಿದುಬಿಡುವುದೇ ಒಳ್ಳೆಯದು ಎಂದರು. ರೈಲು ಹೊರಡಲು ಐದು ನಿಮಿಷ ಇತ್ತು.

ಸದಾ ಬ್ಯಾಗು ತೆಗೆದುಕೊಂಡ. ನಾವಿಬ್ಬರೂ ಎದ್ದೆವು. ಎದ್ದೆವು ಎಂಬುದನ್ನು ದಯವಿಟ್ಟು ಬರೆದುಕೊಳ್ಳಿ.

"ನಾವೂ ಇಳೀತೀವಿ" ಎಂದೆ.

"ಎಂತಕ್ಕೆ? ನೀವು ಹೋಗಿ ಮಾರಾಯ್ತಿ."

"ಛೇ, ಹೇಗೋ ಹೋಗೋದು?"

"ಹೋಗಿ ಹೋಗಿ. ನಾನೆಂತ ಮಗುವಾ? ಮಧ್ಯಾಹ್ನ ರೈಲುಂಟು, ಮನೆಗೆ ಹೋಗ್ತೇನೆ."

ನಮ್ಮಲ್ಲಿ ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರೆ, ಕೈ ಸರಿಸಿ ಇನ್ನೊಂದು ಸೌಟು ಬಡಿಸಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇಡ ಎಂದವರನ್ನು ಮೂರು ಸಲ ಒತ್ತಾಯ ಮಾಡದಿದ್ದರೆ ಅಮ್ಮ ಒಳಗೆ ಕರೆದು ತೊಡೆ ಚಿವುಟುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ನಾನು, ಎರಡೇ ಸಲಕ್ಕೆ ಒಪ್ಪಿಕೊಂಡೆ. ಮೂರನೇ ಸಲ ಕೇಳಿದರೆ ಎಲ್ಲಿ 'ಆಯ್ತು, ಇಳೀರಿ' ಅನ್ನುತ್ತಾನೋ ಎಂದು ಹೆದರಿ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟೇ.

ಕೈಗೇನಾದರೂ ಕೊಡಬೇಕು ಎನ್ನಿಸಿತು. "ಹೊತ್ತು ಹೋಗುತ್ತೆ, ಓದ್ತಿರು" ಎಂದು ದೊರೆಯ ಪುಸ್ತಕವನ್ನು ಕಿಟಕಿಯಿಂದ ಕೊಟ್ಟೆ. ಅವನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೈ ಬೀಸಿದ. ಅಧಿಕಾರಿಯೂ ಪಕ್ಕದಲ್ಲಿ ನಿಂತಿದ್ದರು, ಯಾರನ್ನೋ ಬೀಳ್ಕೊಡಲು ಬಂದ ಮಾವನ ಹಾಗೆ.

ಅರ್ಧ ಗಂಟೆಯೂ ಆಗಿರಲಿಲ್ಲ, ಎಡಗಡೆ ಕಿಟಕಿಯಲ್ಲಿ ರೈನ್ ಜಲಪಾತ ಬಂತು. ಬೆಳ್ಳಗೆ, ಭೋರೆಂದು. "ಗುರು, ಫೋಟೋ ಫೋಟೋ!" ಎಂದ ಮಂಜು. ನಾನೂ ಕಿಟಕಿಗೆ ಮೂಗು ಒತ್ತಿ, "ಎಷ್ಟು ಚೆನ್ನಾಗಿದೆಯೋ!" ಎಂದುಬಿಟ್ಟೆ. ಅಂದ ಮೇಲೆ ಇಬ್ಬರಿಗೂ ಗರ ಬಡಿದಂತಾಯಿತು. ಪುಸ್ತಕ ಕೈಯಲ್ಲಿರದಿದ್ದರೂ ಆ ಎರಡು ಸಾಲು ಇಬ್ಬರ ಕಿವಿಯಲ್ಲೂ ಇತ್ತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಗಲೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಜ್ಯೂರಿಕ್ಕಿನಲ್ಲಿ ಎರಡು ಡಬ್ಬಿ ತೆರೆದು ತಿಂದೆವು. ಮಿಲಾನಿಗೆ ಹೋದಾಗ ಮಂಜು ಚೀಲ ಇಣುಕಿ, "ಅವ್ನ್ ಪಾಲು ಹಾಗೇ ಇದೆ ಗುರು, ನಾಳೆಗೆ ಹಳಸತ್ತೆ" ಎಂದ. ಅನ್ನ ಚೆಲ್ಲಬಾರದಲ್ಲ! ಸಂಧ್ಯಾ ಎಂದು ಬರೆದ ಮುಚ್ಚಳ ತೆಗೆದು ಅದನ್ನೂ ತಿಂದೆವು. ಡಬ್ಬಿಯನ್ನು ಹೋಟೆಲಿನ ಕೈ ತೊಳೆಯುವ ಸಿಂಕಿನಲ್ಲಿ ಫಳಫಳ ತೊಳೆದೆ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಎಂದು ಅಮ್ಮ ಕಲಿಸಿದ್ದು ಆಗ ಸರಿಯಾಗಿ ನೆನಪಾಯಿತು ನೋಡಿ, ಅದರ ತುಂಬ ಚಾಕಲೇಟು ತುಂಬಿಸಿದೆ.

ಸೋಮವಾರ ಆಫೀಸಿನಲ್ಲಿ ಡಬ್ಬಿ ಕೊಟ್ಟೆ, ಅವನು ಪುಸ್ತಕ ಕೊಟ್ಟ. "ಹೇಗಿತ್ತು ಟೂರು?" ಎಂದು ನಗುತ್ತಾ ಕೇಳಿದ. "ಪರವಾಗಿಲ್ಲ, ಬರೀ ಓಟ" ಎಂದೆ. ಅವನು ಹೇಗೆ ಮನೆ ಸೇರಿದ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾನಲ್ಲ ಎಂಬ ಭಯ. ಪುಸ್ತಕವನ್ನು ತೆರೆಯದೆ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಕೆಟ್ಟ ಸ್ಟಿಕ್ಕರ್ ಬದಲಾಗಬೇಕಾದರೆ ಪಾಸ್‌ಪೋರ್ಟು ಬದಲಾಗಬೇಕು. ಅದು ಬದಲಾಗುವವರೆಗೆ ಸಂಧ್ಯಾಳ ಅರ್ಜಿ ಮುಂದೆ ಸರಿಯುವುದಿಲ್ಲ. ಒಂದು ತಿಂಗಳು ಎಂದದ್ದು ಐದು ತಿಂಗಳಾಯಿತು. ಫೋನಿನಲ್ಲೇ ಮಗುವಿನ ಮೊದಲ ಹುಟ್ಟುಹಬ್ಬ ಆಯಿತು. ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಮಗು ಎತ್ತಿಸಿಕೊಂಡು ಬರಲಿಲ್ಲ, ಸಂಧ್ಯಾಳ ಬೆರಳು ಹಿಡಿದು ತಪ್ಪುಹೆಜ್ಜೆ ಇಡುತ್ತಾ ನಡೆದುಕೊಂಡೇ ಬಂತು. ಸದಾ ಬಗ್ಗಿ ಕೈ ಚಾಚಿದ. ಅದು ಅವನನ್ನು ನೋಡಿ ಕಿಟಾರನೆ ಕಿರುಚಿ, ಓಡಿಬಂದು ನನ್ನ ಕಾಲು ತಬ್ಬಿಕೊಂಡಿತು. ಯಾಕೆ ನನ್ನದನ್ನೇ ತಬ್ಬಿತೋ! ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ನಡೀಲಿಕ್ಕೆ ಕಲಿತದ್ದು ನೋಡ್ಲಿಕ್ಕಾಗ್ಲಿಲ್ಲ" ಎಂದ ಸದಾ, ಅದೂ ನನಗಲ್ಲ, ಸಂಧ್ಯಾಳಿಗೆ. ಅದರ ಮೇಲೆ ಇಷ್ಟು ವರ್ಷದಲ್ಲಿ ಒಂದು ಮಾತು ಎತ್ತಿದವನಲ್ಲ. ಈಗ ಹ್ಯಾಂಬರ್ಗಿನಲ್ಲಿದ್ದಾನೆ. ಯುಗಾದಿಗೆ ಫೋನು, ದೀಪಾವಳಿಗೆ ಫೋನು. ಮಳೆ ಎನ್ನುತ್ತಾನೆ, ಮಂಡಿನೋವು ಎನ್ನುತ್ತಾನೆ.

ಇಷ್ಟಾದ ಮೇಲೆ ನಿನ್ನೆ, ನೆಲಮಾಳಿಗೆಯ ಮೆಟ್ಟಿಲ ಮೇಲೆ, ದೊರೆಯ ಆ ಪುಟ ತಾನಾಗಿಯೇ ತೆರೆದುಕೊಂಡಿತು. ತುಂಬ ಹೊತ್ತು ಅಲ್ಲೇ ಬಿಡಿಸಿಟ್ಟ ಪುಸ್ತಕಗಳು ಹಾಗೆಯೇ ತೆರೆದುಕೊಳ್ಳುತ್ತವೆ, ಬೈಂಡ್ ಮಾಡುವವರ ಮಗಳಿಗೆ ಅದು ಗೊತ್ತು. 'ಎಚ್‌ನನ್ನು ಗಡಿಯಲ್ಲಿ ಬಿಡಬೇಕಾಯಿತು' ಎಂಬ ಸಾಲಿನ ಪಕ್ಕ ಸದಾನ ಗುಂಡು ಗುಂಡು ಅಕ್ಷರ:

'ಪಾಪ, ಇವನು ಮಧ್ಯಾಹ್ನ ಊಟಕ್ಕೆ ಎಂತ ಮಾಡಿದನೋ.'

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆವತ್ತು ರಜ, ಆ ಊರಿನ ಅಂಗಡಿ ಹೋಟೆಲೆಲ್ಲ ಬಂದ್. ಬುತ್ತಿ ನನ್ನ ಚೀಲದಲ್ಲಿ. ಕಿಟಕಿಯಿಂದ ಪುಸ್ತಕ ಕೊಡಲು ಹೊಳೆದವಳಿಗೆ, ಅದೇ ಚೀಲದಲ್ಲಿ ಅದರ ಕೆಳಗೇ ಇದ್ದ ಡಬ್ಬಿ ಕೊಡಲು ಹೊಳೆಯಲಿಲ್ಲವಲ್ಲ! ಇಷ್ಟು ವರ್ಷ ನಾನು ಕುಂಕುಮಕ್ಕಾಗಿ ಕೊರಗಿದೆ, ಬಾಯಿ ಬಿಡದ್ದಕ್ಕಾಗಿ ಕೊರಗಿದೆ. ಹಸಿವು ಒಂದು ಸಲವೂ ನೆನಪಿಗೆ ಬಂದಿರಲಿಲ್ಲ.

ಮೆಟ್ಟಿಲ ಮೇಲಿಂದಲೇ ಫೋನ್ ಮಾಡಿದೆ. ಯುಗಾದಿಯಲ್ಲ, ದೀಪಾವಳಿಯಲ್ಲ ಎಂದು ಅವನು ಗಾಬರಿಯಾದ.

"ಎಂತಾಯ್ತು? ಎಲ್ಲ ಹುಷಾರುಂಟಲ್ಲ?"

"ಸದಾ, ಆವತ್ತು ಸಿಂಗನ್ನಿನಲ್ಲಿ ಮಧ್ಯಾಹ್ನ ಏನು ತಿಂದೆ?"

 ಅವನು ನಕ್ಕ.

"ಈಗ ಕೇಳುದಾ ಮಾರಾಯ್ತಿ? ಎಂತ ಇಲ್ಲ. ಎಲ್ಲ ಬಂದ್ ಅಲ್ವಾ. ಆ ಆಫೀಸರ್ ಅವರ ಬ್ರೆಡ್ಡಲ್ಲಿ ಅರ್ಧ ಕೊಟ್ರು, ಅದ್ರೊಳಗೆ ಮಾಂಸ ಇತ್ತು. ತೆಗೆದು ಬರೀ ಬ್ರೆಡ್ ತಿಂದೆ." ಆಮೇಲೆ, "ಪುಳಿಯೋಗರೆ ಹೇಗಾಗಿತ್ತು?" ಎಂದ.

ಉಪ್ಪು ಜಾಸ್ತಿಯಾಗಿತ್ತು ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಈ ಸಲ ನಾಲಗೆ ಅಂಟಿಕೊಳ್ಳಲಿಲ್ಲ.

"ಚೆನ್ನಾಗಿತ್ತು ಸದಾ. ತುಂಬ ಚೆನ್ನಾಗಿತ್ತು. ನಿನ್ನ ಪಾಲನ್ನೂ ನಾವೇ ತಿಂದ್ವಿ."

"ಗೊತ್ತುಂಟು ಮಾರಾಯ್ತಿ" ಎಂದ ಅವನು. "ಡಬ್ಬಿ ತೊಳೆದು ಚಾಕಲೇಟ್ ಹಾಕಿ ಕೊಟ್ಟಿದ್ದಿ ಅಲ್ವಾ."